ಅಂಗನವಾಡಿಯಲ್ಲಿ ಮಗುವಿನ ಮಾತು ಬಲ್ಲವರು ಯಾರು?

2024ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಅಂಗನವಾಡಿ ನೇಮಕಾತಿಯಲ್ಲಿ ಅಭ್ಯರ್ಥಿಗೆ ಉರ್ದು ಗೊತ್ತಿರಬೇಕು ಎಂಬ ಷರತ್ತು ಕಾಣಿಸಿಕೊಂಡಾಗ ರಾಜ್ಯದಾದ್ಯಂತ ಗದ್ದಲ ಎದ್ದಿತು. ಕನ್ನಡ ನಾಡಿನಲ್ಲಿ ಕೆಲಸಕ್ಕೆ ಸೇರಲು ಉರ್ದು ಯಾಕೆ ಬೇಕು ಎಂದು ವಿರೋಧ ಪಕ್ಷ ಕೇಳಿತು. ಅಲ್ಪಸಂಖ್ಯಾತರು ಶೇ 25ಕ್ಕಿಂತ ಹೆಚ್ಚಿರುವ ಕಡೆ ಅವರ ಭಾಷೆ ಬಲ್ಲವರನ್ನು ತೆಗೆದುಕೊಳ್ಳುವ ನಿಯಮ ಹಿಂದಿನಿಂದಲೂ ಇದೆ ಎಂದು ಸರ್ಕಾರ ಉತ್ತರಿಸಿತು. ಗದ್ದಲ ತಣ್ಣಗಾಯಿತು, ಗೊಂದಲ ಉಳಿಯಿತು. ಮೈಸೂರಿನ ಉದಯಗಿರಿಯಲ್ಲೋ ಎಚ್‌.ಡಿ. ಕೋಟೆಯ ಹಾಡಿಯೊಂದರಲ್ಲೋ (ಕಾಡಂಚಿನ ಬುಡಕಟ್ಟು ಜನರ ಕೇರಿ) ಕಾರ್ಯಕರ್ತೆಯ ಹುದ್ದೆ ಖಾಲಿ ಬಿದ್ದರೆ ಅಲ್ಲೂ ಇದೇ ಪ್ರಶ್ನೆ ಏಳುತ್ತದೆ. ಅಂಗನವಾಡಿ ಟೀಚರಿಗೆ ಊರಿನ ಭಾಷೆ ಬರಬೇಕೋ, ರಾಜ್ಯದ ಭಾಷೆ ಬರಬೇಕೋ? ಎರಡೂ ಬೇಕೆಂದರೆ ಅಂಥವರು ಸಿಗುತ್ತಾರೆಯೇ?

ಸಿಗುತ್ತಾರೆ. ಬಹಳಷ್ಟು ಕಡೆ ಅವರು ಊರಿನಲ್ಲೇ ಇದ್ದಾರೆ. ಕೆಲವು ಕೇಂದ್ರಗಳಲ್ಲಂತೂ ಅಂಗನವಾಡಿಯ ಒಳಗೇ, ಒಲೆಯ ಮುಂದೆ ಕೂತಿದ್ದಾರೆ. ಅವರನ್ನು ಮಕ್ಕಳ ಚಾಪೆಯವರೆಗೆ ಬಾರದಂತೆ ತಡೆದಿರುವುದು ನೇಮಕಾತಿಯ ಸಣ್ಣ ಸಣ್ಣ ಷರತ್ತುಗಳು. ಭಾಷೆಯ ಜಗಳದಲ್ಲಿ ಆ ಷರತ್ತುಗಳನ್ನು ಯಾರೂ ಓದಲಿಲ್ಲ.

ಕಾಗದದ ಮೇಲಿರುವ ನಿಯಮ

ಒಂದು ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇಬ್ಬರೂ ಗೌರವಧನದ ಮೇಲೆ ದುಡಿಯುವವರು, ಸರ್ಕಾರಿ ನೌಕರರಲ್ಲ. ಹಾಗಾಗಿ ‘ಸರ್ಕಾರಿ ನೌಕರಿಗೆ ಉರ್ದು’ ಎಂಬ ಕೂಗು ಮೊದಲಿಗೇ ಸ್ವಲ್ಪ ದಾರಿ ತಪ್ಪಿತ್ತು. ಇವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ 2022ರ ಏಪ್ರಿಲ್‌ನಲ್ಲಷ್ಟೇ.

ಈ ಹುದ್ದೆಗಳ ಮೂಲ ನಿಯಮ ಸ್ಥಳೀಯತೆ. ಹಳ್ಳಿಯಾದರೆ ಅದೇ ಊರಿನ, ಪಟ್ಟಣವಾದರೆ ಅದೇ ವಾರ್ಡಿನ ಹೆಂಗಸು ಆಗಿರಬೇಕು. ಕೇಂದ್ರದ ‘ಸಕ್ಷಮ್ ಅಂಗನವಾಡಿ’ ಮಾರ್ಗಸೂಚಿ 2022ರಲ್ಲಿ ಬಂತು. ಅದರ ಪ್ರಕಾರ ಕಾರ್ಯಕರ್ತೆಗೆ ಕನಿಷ್ಠ 12ನೇ ತರಗತಿ, ಅಂದರೆ ನಮ್ಮ ದ್ವಿತೀಯ ಪಿಯುಸಿ ಆಗಿರಬೇಕು. ಕಾರ್ಯಕರ್ತೆಯ ಹುದ್ದೆಗಳಲ್ಲಿ ಅರ್ಧವನ್ನು ಐದು ವರ್ಷ ಅನುಭವವಿರುವ, ಅರ್ಹತೆಯುಳ್ಳ ಸಹಾಯಕಿಯರಿಗೆ ಬಡ್ತಿ ಕೊಟ್ಟು ತುಂಬಬೇಕು. ಮೇಲ್ವಿಚಾರಕಿಯರ ಹುದ್ದೆಗಳಲ್ಲೂ ಅರ್ಧ ಕಾರ್ಯಕರ್ತೆಯರಿಗೆ ಮೀಸಲು. ಆಯ್ಕೆ ನಡೆಯುವುದು ಪರೀಕ್ಷೆಯ ಅಂಕದ ಮೇಲೆ. ವಿಧವೆಯರಂಥ ಕೆಲವು ವರ್ಗದವರಿಗೆ ಹೆಚ್ಚುವರಿ ಅಂಕ ಉಂಟು.

ಇನ್ನು ಭಾಷೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸೌಲಭ್ಯ ಒದಗಿಸಬೇಕು ಎನ್ನುತ್ತದೆ. ಪ್ರಾಥಮಿಕಕ್ಕೂ ಮೊದಲಿನ ವಯಸ್ಸಿನ ಬಗ್ಗೆ 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ ಇನ್ನೂ ನೇರವಾಗಿದೆ. ಮಗುವಿನೊಂದಿಗೆ ಮುಖ್ಯವಾಗಿ ಮನೆಮಾತಿನಲ್ಲೇ ವ್ಯವಹರಿಸಬೇಕು ಎಂದು ಅದು ಹೇಳಿದೆ. 2020ರ ಶಿಕ್ಷಣ ನೀತಿ, 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಎರಡೂ ಅದನ್ನೇ ಒಪ್ಪಿವೆ. ನೀತಿಯ ಮಟ್ಟದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ ಎನ್ನಬಹುದು. ಆದರೆ ಮನೆಮಾತಿನಲ್ಲಿ ಮಾತಾಡು ಎಂದು ಹೇಳಿದ ಯಾವ ನೀತಿಯೂ ಆ ಮಾತು ಬಲ್ಲವರನ್ನು ಹುಡುಕಿ, ತಯಾರು ಮಾಡಿ, ಉಳಿಸಿಕೊಳ್ಳಲು ಹಣ ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಲಿಲ್ಲ.

ಮೈಸೂರು–ಮಂಡ್ಯದ ಮಕ್ಕಳು

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕಕ್ಕೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ 100 ಅಂಗನವಾಡಿ ತೆರೆದವು. ಆಗಿನ ಚಿಂತೆ ಹಸಿವು, ಚುಚ್ಚುಮದ್ದು, ಬಾಣಂತಿಯರ ಸಾವು. ಕಾವೇರಿ ಬಯಲಿನ ಹಳ್ಳಿಗಳಲ್ಲಿ ಟೀಚರ್ ಅದೇ ಊರಿನವಳಾಗಿದ್ದರೆ ಮಾತಿನ ಪ್ರಶ್ನೆ ಬಹುಮಟ್ಟಿಗೆ ತಾನೇ ಬಗೆಹರಿಯುತ್ತಿತ್ತು.

ಯೋಜನೆ ಕಾಡಂಚಿಗೂ ಪಟ್ಟಣದ ಮೊಹಲ್ಲಾಗಳಿಗೂ ಹಬ್ಬಿದ ಮೇಲೆ ಹಾಗಿಲ್ಲ. ಎಚ್‌.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಲ್ಲಿ ಜೇನು ಕುರುಬ, ಕಾಡು ಕುರುಬ, ಯರವ, ಸೋಲಿಗ ಕುಟುಂಬಗಳಿವೆ, ಒಂದೊಂದಕ್ಕೂ ತನ್ನದೇ ನುಡಿ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ವಾಗ್ರಿ ಮಾತು ದ್ರಾವಿಡ ಕುಲದ್ದೇ ಅಲ್ಲ. ಮೈಸೂರಿನ ಉದಯಗಿರಿ, ರಾಜೀವನಗರ, ಗೌಸಿಯಾನಗರದ ಬೀದಿಗಳಲ್ಲಿ ಮಕ್ಕಳು ಆಡುವುದು ದಖನಿ, ಅಂದರೆ ಈ ಕಡೆಯ ಆಡುಮಾತಿನ ಉರ್ದು. ಮಂಡ್ಯದಲ್ಲಿ ತಮಿಳು ಕಾಲೊನಿ ಇದೆ, ಶ್ರೀರಂಗಪಟ್ಟಣದಲ್ಲಿ ಉರ್ದು ಮನೆಗಳಿವೆ. ಆಲೆಮನೆಗಳಿಗೆ ಉತ್ತರ ಪ್ರದೇಶ, ಬಿಹಾರದಿಂದ ಬಂದ ಕೂಲಿಗಳಿದ್ದಾರೆ. ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಬರುವ ಗುಂಪುಗಳಲ್ಲಿ ಲಂಬಾಣಿ ಮಾತಾಡುವವರೂ ಇರುತ್ತಾರೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಬೇರೆಯದೇ ಕತೆ. 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟನ್ನರು ತಮ್ಮ ಚಿಕ್ಕ ಮಕ್ಕಳಿಗೆ ಟಿಬೆಟನ್ ಮಾತಿನಲ್ಲೇ ಕಲಿಸುವ ವ್ಯವಸ್ಥೆ ಕಟ್ಟಿಕೊಂಡರು. ಅದಕ್ಕೆ ಬೇಕಾದ ಶಿಕ್ಷಕಿಯರನ್ನೂ ತಮ್ಮೊಳಗಿನಿಂದಲೇ ತಯಾರು ಮಾಡಿದರು. ಅದೇ ತಾಲ್ಲೂಕಿನ ಹಾಡಿಗಳಿಗೆ ಅಂಥ ಸಂಘಟನೆಯೂ ಇಲ್ಲ, ಹೊರಗಿನ ನೆರವೂ ಇಲ್ಲ. ಅಲ್ಲಿನ ಮಕ್ಕಳಿಗೆ ಇರುವುದು ಸರ್ಕಾರದ ಅಂಗನವಾಡಿ ಒಂದೇ.

ಶೇ 25ರ ಲೆಕ್ಕ ಎಲ್ಲಿ ತಪ್ಪುತ್ತದೆ

ಜನಸಂಖ್ಯೆಯ ಶೇಕಡಾವಾರು ನೋಡಿ ಭಾಷೆ ನಿರ್ಧರಿಸುವುದು ಸುಲಭ ಅನ್ನಿಸುತ್ತದೆ. ಆದರೆ ಈ ಅಳತೆಗೋಲು ಒಂದಕ್ಕಿಂತ ಹೆಚ್ಚು ಕಡೆ ಮುರಿಯುತ್ತದೆ.

ಮೊದಲನೆಯದಾಗಿ, ಅಲ್ಪಸಂಖ್ಯಾತ ಎಂದೊಡನೆ ಲೆಕ್ಕಕ್ಕೆ ಬರುವುದು ಧರ್ಮ. ಮುಸ್ಲಿಮರಿದ್ದಾರೆ ಎಂದರೆ ಉರ್ದು ಇದೆ ಎಂದುಕೊಳ್ಳುವುದು ಎಲ್ಲ ಊರಿಗೂ ಸರಿಹೊಂದದು. ಬ್ಯಾರಿ ಮಾತಾಡುವವರಿದ್ದಾರೆ, ಮಲಯಾಳ ಮಾತಾಡುವವರಿದ್ದಾರೆ, ಮನೆಯಲ್ಲಿ ಕನ್ನಡವನ್ನೇ ಆಡುವವರೂ ಇದ್ದಾರೆ. ಮೈಸೂರಿನ ಮೊಹಲ್ಲಾದ ಮಗುವಿಗೂ ಗ್ರಾಂಥಿಕ ಉರ್ದು ಅರ್ಧ ಅಪರಿಚಿತವೇ.

ಎರಡನೆಯ ಬಿರುಕು ಇನ್ನೂ ಆಳವಾದದ್ದು. ಜನಗಣತಿಯ ಭಾಷಾ ಕೋಷ್ಟಕದಲ್ಲಿ ‘ಕುರುಬ/ಕುರುಂಬ’ ಎಂಬ ತಾಯ್ನುಡಿಯನ್ನು ಕನ್ನಡದ ಗುಂಪಿನೊಳಗೆ ಸೇರಿಸಲಾಗಿದೆ. ದೇಶದಲ್ಲಿ 10,000ಕ್ಕಿಂತ ಕಡಿಮೆ ಜನ ಆಡುವ ನುಡಿಗಳ ಅಂಕಿಯನ್ನು ಪ್ರತ್ಯೇಕವಾಗಿ ಪ್ರಕಟಿಸುವುದೂ ಇಲ್ಲ. 2011ರ ಗಣತಿಯಲ್ಲಿ ರಾಜ್ಯದ ಜೇನು ಕುರುಬರು ಸುಮಾರು 36 ಸಾವಿರ. ಕೇಂದ್ರ ಸರ್ಕಾರ ಅವರನ್ನು ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದೆ, ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಅವರು ಮತ್ತು ಕೊರಗರು ಮಾತ್ರ. ಆದರೆ ಭಾಷೆಯ ಕೋಷ್ಟಕ ಹಿಡಿದು ಕೂತರೆ ನೂರಕ್ಕೆ ನೂರು ಜೇನು ಕುರುಬರೇ ಇರುವ ಹಾಡಿಯೂ ‘ಕನ್ನಡ ಊರು’ ಎಂದೇ ಕಾಣಬಹುದು. ಆಲೆಮನೆಯ ಮಕ್ಕಳಂತೂ ಹಂಗಾಮಿಗೆ ಬಂದು ಹೋಗುವವರು, ಯಾವ ಊರಿನ ಶೇಕಡಾದಲ್ಲೂ ಅವರಿಲ್ಲ.

ಅಮೆರಿಕದ ಬಡಮಕ್ಕಳ ಶಾಲಾಪೂರ್ವ ಯೋಜನೆಯಾದ ಹೆಡ್ ಸ್ಟಾರ್ಟ್‌ನ ನಿಯಮ ಇಲ್ಲಿ ಗಮನಿಸತಕ್ಕದ್ದು. ಅದು ಊರಿನ ಜನಸಂಖ್ಯೆ ನೋಡುವುದಿಲ್ಲ. ಒಂದು ತರಗತಿಯ ಹೆಚ್ಚಿನ ಮಕ್ಕಳು ಒಂದೇ ಭಾಷೆ ಆಡುವವರಾದರೆ ಆ ಕೋಣೆಯ ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಆ ಭಾಷೆ ಬರಬೇಕು, ಅಷ್ಟೆ. ಕಣ್ಣೆದುರು ಕೂತ ಮಕ್ಕಳೇ ಅದರ ಲೆಕ್ಕ, ಮತ್ತು ಇಬ್ಬರಿಗೂ ಬರಲೇಬೇಕೆಂಬ ಹಟವಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಅಂಗನವಾಡಿಯಲ್ಲಿ ಇಬ್ಬರು ಹೆಂಗಸರು ಇರುವುದರಿಂದ ಈ ಸೂತ್ರ ನೇರವಾಗಿ ಹೊಂದುತ್ತದೆ. ಒಬ್ಬಳು ಕನ್ನಡದಲ್ಲಿ ಗಟ್ಟಿಯಿರಲಿ, ಇನ್ನೊಬ್ಬಳು ಮನೆಮಾತಿನಲ್ಲಿ.

ಮಾತು ತಿಳಿಯದ ಕಡೆ ಏನಾಗುತ್ತದೆ

ಮೂರು ವರ್ಷದ ಮಗುವಿಗೆ ಬಾಯಾರಿಕೆ, ಹೊಟ್ಟೆನೋವು, ಒಂದಕ್ಕೆ ಹೋಗಬೇಕು ಎನ್ನುವುದನ್ನು ಹೇಳಿಕೊಳ್ಳಲು ಇರುವುದು ಮನೆಯಲ್ಲಿ ಕಲಿತ ಮಾತೊಂದೇ. ಅದನ್ನು ಕೇಳುವವರಿಲ್ಲದಿದ್ದರೆ ಚಡ್ಡಿ ಒದ್ದೆಯಾಗುತ್ತದೆ, ಉಳಿದ ಮಕ್ಕಳು ನಗುತ್ತಾರೆ, ಮಾರನೇ ದಿನ ಮಗು ಬರುವುದಿಲ್ಲ. ನಾಲ್ಕು ದಿನ ಬಾರದ ಮಗುವಿಗೆ ಮೊಟ್ಟೆ ತಪ್ಪುತ್ತದೆ, ಹಾಲು ತಪ್ಪುತ್ತದೆ, ತಿಂಗಳ ತೂಕ ನೋಡುವುದೂ ತಪ್ಪುತ್ತದೆ. ಹಾಜರಾತಿ ಕಡಿಮೆಯಾದರೆ ‘ಹಾಡಿಯವರು ಮಕ್ಕಳನ್ನು ಕಳಿಸುವುದೇ ಇಲ್ಲ’ ಎಂಬ ಷರಾ ಬೀಳುತ್ತದೆ. ದೂರು ಬರುವುದು ತಾಯಿಯ ಮೇಲೆ, ಕಾರಣ ಇದ್ದದ್ದು ಕೋಣೆಯೊಳಗೆ.

ಎರಡನೆಯ ತೊಂದರೆ ಮೌನದ್ದು. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಸುಮ್ಮನೆ ಕೇಳಿಸಿಕೊಳ್ಳುತ್ತಾ ಕೂರುವುದು ಸಹಜ. ಮನೆಮಾತು ಬಲ್ಲವರಿಲ್ಲದ ಕೇಂದ್ರದಲ್ಲಿ ಈ ಮೌನವನ್ನು ಎರಡು ರೀತಿ ತಪ್ಪಾಗಿ ಓದುತ್ತಾರೆ. ಸರಿಯಿರುವ ಮಗುವಿಗೆ ಮಂದಬುದ್ಧಿ ಎಂಬ ಹಣೆಪಟ್ಟಿ ಬೀಳುತ್ತದೆ. ನಿಜಕ್ಕೂ ಕಿವಿ ಕೇಳದ ಅಥವಾ ಮಾತು ತಡವಾದ ಮಗುವನ್ನು ‘ಭಾಷೆ ಬಾರದ್ದಕ್ಕೆ ಹೀಗೆ, ಆಮೇಲೆ ಸರಿಹೋಗುತ್ತೆ’ ಎಂದು ಬಿಟ್ಟುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ, ಯಾಕೆಂದರೆ ಕಿವುಡುತನಕ್ಕೆ ಬೇಗ ನೆರವು ಸಿಕ್ಕಷ್ಟೂ ಫಲ ಹೆಚ್ಚು. ಇದಕ್ಕೆ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲೇ ಇದೆ. ಆದರೆ ಮಗು ಮನೆಯಲ್ಲಿ ತನ್ನ ಮಾತಿನಲ್ಲಿ ಎಷ್ಟು ಆಡುತ್ತದೆ ಎಂದು ಹೇಳಬಲ್ಲವರು ಅಂಗನವಾಡಿಯಲ್ಲಿ ಇದ್ದರೆ ತಾನೆ ಮಗುವನ್ನು ಅಲ್ಲಿಗೆ ಕಳಿಸಬೇಕೋ ಬೇಡವೋ ತಿಳಿಯುವುದು. ಅಂದಹಾಗೆ, ಎರಡು ಭಾಷೆ ಕೇಳಿಸಿಕೊಂಡು ಬೆಳೆದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಮೂರನೆಯದು ತಾಯಿಯ ಜತೆಗಿನ ಮಾತು. ಅಂಗನವಾಡಿ ಎಂದರೆ ಅಆಇಈ ಒಂದೇ ಅಲ್ಲ. ಗರ್ಭಿಣಿಗೆ ಕಬ್ಬಿಣದ ಮಾತ್ರೆ ಯಾಕೆ, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರನ್ನೂ ಯಾಕೆ ಕೊಡಬಾರದು, ಏಳನೇ ತಿಂಗಳಿಗೆ ಅನ್ನ ಎಷ್ಟು ಗಟ್ಟಿಯಿರಬೇಕು ಎಂಬುದನ್ನೆಲ್ಲ ಮನೆಗೆ ಹೋಗಿ ತಿಳಿಹೇಳುವವಳು ಕಾರ್ಯಕರ್ತೆ. ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ತಾಯಿಯನ್ನು ಒಪ್ಪಿಸಬೇಕು. ಎರಡು ವಾರ ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ಯಾರಿಗೋ ಒಪ್ಪಿಸಿ ಆಸ್ಪತ್ರೆಯಲ್ಲಿ ಕೂರು ಎಂದು ಒಬ್ಬ ಹೆಂಗಸಿಗೆ ಹೇಳಿ ಒಪ್ಪಿಸುವುದು ಹೊರಗಿನ ಮಾತಿನಲ್ಲಿ ಆಗುವ ಕೆಲಸವಲ್ಲ.

ಅಡ್ಡಿ ಎಲ್ಲಿದೆ

ಹಾಡಿಯ ಹೆಂಗಸು ಕಾರ್ಯಕರ್ತೆಯಾಗಲು ದಾಟಬೇಕಾದ ಬಾಗಿಲುಗಳನ್ನು ಒಂದೊಂದಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಅರ್ಜಿ ಕರೆಯುವ ವ್ಯಾಪ್ತಿ ಮೊದಲ ಬಾಗಿಲು. ವ್ಯಾಪ್ತಿಯನ್ನು ಕಂದಾಯ ಗ್ರಾಮ ಎಂದು ಬರೆದರೆ ಆ ಗ್ರಾಮದ ಲೆಕ್ಕದಲ್ಲಿರುವ ಹಾಡಿಯ ಹುದ್ದೆಗೂ ಮುಖ್ಯ ಊರಿನ ಹೆಣ್ಣುಮಕ್ಕಳು ಅರ್ಜಿ ಹಾಕಬಹುದು. ಆಯ್ಕೆ ಅಂಕದ ಮೇಲೆ. ಬಸ್ ನಿಲ್ದಾಣದ ಪಕ್ಕದ ಮನೆಯಿಂದ ಪಿಯು ಕಾಲೇಜಿಗೆ ಹೋದವಳಿಗೂ, ಆಶ್ರಮ ಶಾಲೆಯಲ್ಲಿ ಓದಿ ಹೇಗೋ ಪಾಸಾದವಳಿಗೂ ಅಂಕದಲ್ಲಿ ಅಂತರ ಇದ್ದೇ ಇರುತ್ತದೆ. ಮೊದಲನೆಯವಳು ಆಯ್ಕೆಯಾಗುತ್ತಾಳೆ. ನಿಯಮ ಮುರಿದಿಲ್ಲ, ಅನ್ಯಾಯ ಮಾಡಿದವರೂ ಯಾರಿಲ್ಲ. ಆದರೆ ಆಕೆಗೆ ಹಾಡಿಯ ಮಾತು ಬಾರದು, ಆನೆ ಓಡಾಡುವ ದಾರಿಯಲ್ಲಿ ದಿನಾ ನಡೆದು ಬರಲೂ ಆಗದು. ಮಳೆಗಾಲದಲ್ಲಿ ಕೇಂದ್ರದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದು ಹಾಡಿಯವರಿಗೆ ಗೊತ್ತು.

ಎರಡನೆಯದು ಕಾಗದಪತ್ರ. ಅರ್ಜಿ ಆನ್‌ಲೈನ್. ವಾಸಸ್ಥಳ ದೃಢೀಕರಣ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಜನನ ದಿನಾಂಕದ ದಾಖಲೆ ಎಲ್ಲವನ್ನೂ ಕೊನೆಯ ದಿನದೊಳಗೆ ಸೇರಿಸಬೇಕು. ಕಾಡಿನಿಂದ ಹೊರಬಂದು ಹಕ್ಕುಪತ್ರಕ್ಕೆ ಕಾಯುತ್ತಿರುವ ಕುಟುಂಬಕ್ಕೆ, ಬೇರೆ ಹಾಡಿಯಿಂದ ಮದುವೆಯಾಗಿ ಬಂದ ಹೆಣ್ಣಿಗೆ ವಾಸಸ್ಥಳದ ಕಾಗದವೇ ದೊಡ್ಡ ಗೋಡೆ. ನಾಡಕಚೇರಿಗೆ ಎರಡು ಸಲ ಅಲೆಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಮೂರನೆಯದು ಪಿಯುಸಿ ಎಂಬ ಅರ್ಹತೆ. ಇದನ್ನು ತೆಗೆದುಹಾಕಿ ಎನ್ನುವವರಿದ್ದಾರೆ. ಅದು ಸುಲಭದ ಮಾತು, ಒಪ್ಪಲು ಕಷ್ಟ. ಹಾಡಿಯ ಮಕ್ಕಳಿಗೆ ಕಡಿಮೆ ಓದಿದವರು ಸಾಕು ಎಂದಂತಾಗುತ್ತದೆ. ಮೇಲಾಗಿ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಿನದ ಹಾಜರಾತಿ, ತೂಕ, ಎತ್ತರ ತುಂಬುವುದು, ಮನೆಗೆ ಒಯ್ಯುವ ಪಡಿತರಕ್ಕೆ ಮುಖ ಗುರುತಿಸುವುದು ಇವೆಲ್ಲ ಈಗ ಕಾರ್ಯಕರ್ತೆಯ ಕೆಲಸ. ಓದು ಬೇಕು. ಹಾಗಾದರೆ ಓದಿಸುವ ದಾರಿಯನ್ನು ಕೆಲಸದೊಳಗೇ ಇಡಬೇಕು. ಮಾರ್ಗಸೂಚಿಯಲ್ಲಿರುವ ಅರ್ಧ ಹುದ್ದೆಯ ಬಡ್ತಿ ಆ ದಾರಿಯೇ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದ ಸಹಾಯಕಿ ಐದು ವರ್ಷದಲ್ಲಿ ಪಿಯುಸಿ ಮಾಡಿಕೊಳ್ಳದಿದ್ದರೆ ಬಡ್ತಿಯ ಸಾಲಿನಲ್ಲಿ ಅವಳ ಹೆಸರೇ ಬರದು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ 12ನೇ ತರಗತಿ ಪರೀಕ್ಷೆ ಬರೆಯಬಹುದು. ಅದಕ್ಕೆ ಶುಲ್ಕ ಯಾರು ಕಟ್ಟುತ್ತಾರೆ, ಪರೀಕ್ಷೆಯ ದಿನ ಅಡುಗೆ ಯಾರು ಮಾಡುತ್ತಾರೆ ಎಂಬ ಸಣ್ಣ ಪ್ರಶ್ನೆಗಳಿಗೆ ಉತ್ತರವಿಲ್ಲದೆ ದಾರಿ ಅಲ್ಲೇ ನಿಂತಿದೆ.

ಇನ್ನು ದುಡ್ಡು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕಾರ್ಯಕರ್ತೆಯ ಗೌರವಧನವನ್ನು ₹3,000ದಿಂದ ₹4,500ಕ್ಕೆ, ಸಹಾಯಕಿಯದನ್ನು ₹1,500ದಿಂದ ₹2,250ಕ್ಕೆ ಏರಿಸಿತು. ರಾಜ್ಯ ತನ್ನ ಪಾಲನ್ನು ಮೇಲೆ ಸೇರಿಸುತ್ತದೆ. 2025–26ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ ₹1,000, ಸಹಾಯಕಿಯರಿಗೆ ₹750 ಹೆಚ್ಚಳ ಘೋಷಣೆಯಾಯಿತು. ಗಮನಿಸಬೇಕಾದದ್ದು ಕೇಂದ್ರದ ಲೆಕ್ಕದ ಅನುಪಾತ. ಸಹಾಯಕಿಯ ಬೆಲೆ ಕಾರ್ಯಕರ್ತೆಯ ಸರಿಯಾಗಿ ಅರ್ಧ. ಅಡುಗೆ, ಗುಡಿಸುವುದು, ಮಕ್ಕಳನ್ನು ಕರೆತರುವುದು ಇಷ್ಟೇ ಅವಳ ಕೆಲಸ ಎಂದುಕೊಂಡು ಹಾಕಿದ ಬೆಲೆ ಅದು. ಮನೆಮಾತಿನಲ್ಲಿ ಕತೆ ಹೇಳು, ಭಾಷಾಂತರ ಮಾಡು, ತಾಯಂದಿರಿಗೆ ತಿಳಿಹೇಳು ಎಂದು ಇನ್ನಷ್ಟು ಹೊರಿಸಿ ದುಡ್ಡು ಹೆಚ್ಚಿಸದಿದ್ದರೆ ಅದು ಬಿಟ್ಟಿ ಚಾಕರಿ. ಕಾರ್ಮಿಕ ಸಂಘಗಳು ಈ ಕಾರಣಕ್ಕೇ ಹೊಸ ಜವಾಬ್ದಾರಿ ಎಂದೊಡನೆ ಹುಬ್ಬೇರಿಸುತ್ತವೆ. ಅವರ ಅನುಮಾನದಲ್ಲಿ ಹುರುಳಿದೆ.

ಯಾರ ವಾದ ಏನು

ಕನ್ನಡಪರರ ಆತಂಕ ಅರ್ಥವಾಗುವಂಥದ್ದು. ಗಡಿ ಜಿಲ್ಲೆಗಳಲ್ಲಿ ಕನ್ನಡ ಹಿಂದೆ ಸರಿದದ್ದನ್ನು ಕಂಡವರು ಅವರು. ಮೊಹಲ್ಲಾದ ಅಂಗನವಾಡಿ ಉರ್ದುವಿನಲ್ಲೇ ನಡೆದರೆ ಆ ಮಗು ಒಂದನೇ ತರಗತಿಗೆ ಕನ್ನಡವಿಲ್ಲದೆ ಬರುತ್ತದೆ ಎಂಬುದು ಅವರ ವಾದ. ಟೀಚರಿಗೆ ಕನ್ನಡ ಬೇಡ ಎಂಬ ನಿಯಮವಿದ್ದಿದ್ದರೆ ಈ ವಾದಕ್ಕೆ ಉತ್ತರ ಇರುತ್ತಿರಲಿಲ್ಲ. ಆದರೆ ಕನ್ನಡದ ಜತೆಗೆ ಇನ್ನೊಂದು ಮಾತು ಬೇಕೆಂದು ಕೇಳುವುದರಿಂದ ಕನ್ನಡಕ್ಕೆ ಹಾನಿಯಾಗುವುದಿಲ್ಲ, ಲಾಭವೇ ಆಗುತ್ತದೆ. ತನ್ನ ಮಾತಿನಲ್ಲಿ ‘ದೊಡ್ಡದು–ಚಿಕ್ಕದು’, ‘ಮೊದಲು–ಆಮೇಲೆ’ ಗ್ರಹಿಸಿದ ಮಗು ಕನ್ನಡದಲ್ಲಿ ಕಲಿಯಬೇಕಾದದ್ದು ಹೆಸರನ್ನಷ್ಟೇ. ಗ್ರಹಿಕೆಯನ್ನೂ ಹೆಸರನ್ನೂ ಒಟ್ಟಿಗೆ ಅಪರಿಚಿತ ಭಾಷೆಯಲ್ಲಿ ತುರುಕಿದರೆ ಎರಡೂ ನಿಲ್ಲುವುದಿಲ್ಲ. ಕನ್ನಡ ಚೆನ್ನಾಗಿ ಕಲಿಯಲಿ ಎನ್ನುವವರೇ ಮನೆಮಾತಿನ ಟೀಚರನ್ನು ಮೊದಲು ಕೇಳಬೇಕು.

ಅಧಿಕಾರಿಗಳ ಅಡ್ಡಿ ಬೇರೆ. ಒಂದೇ ಕೋಣೆಯಲ್ಲಿ ಮೂರು ನುಡಿಯ ಮಕ್ಕಳಿದ್ದರೆ ಯಾರನ್ನು ನೇಮಿಸುವುದು? ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದು ಮೈಸೂರು ನಗರದ ಕೆಲವು ವಾರ್ಡುಗಳಿಗೆ ಹೆಚ್ಚು ಹೊಂದುತ್ತದೆ. ಹಾಡಿಗಳಲ್ಲಿ ಒಂದೋ ಎರಡೋ ನುಡಿ. ಕಷ್ಟದ ಕಡೆಯನ್ನು ತೋರಿಸಿ ಸುಲಭದ ಕಡೆಯನ್ನೂ ಕೈಬಿಟ್ಟಂತಾಗಿದೆ.

ಎಲ್ಲಕ್ಕಿಂತ ಬಲವಾದ ವಾದ ತಂದೆತಾಯಂದಿರದು, ಅದು ಇಂಗ್ಲಿಷ್. ಮನೆಮಾತು ಮನೆಯಲ್ಲೇ ಬರುತ್ತದೆ, ಅಂಗನವಾಡಿಯಲ್ಲೂ ಅದೇ ಯಾಕೆ ಎಂದು ಉದಯಗಿರಿಯ ತಾಯಿಯೂ ಕೇಳುತ್ತಾಳೆ, ಪಾಂಡವಪುರದ ತಾಯಿಯೂ ಕೇಳುತ್ತಾಳೆ. ತಾಯ್ನುಡಿ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಎಂದು 2014ರ ಮೇನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿದೆ. ಅದರ ಮೇಲೆ ಎಲ್‌ಕೆಜಿಯ ಸೆಳೆತ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ–ಯುಕೆಜಿ ತೆರೆಯುವ ತೀರ್ಮಾನ ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಅತ್ತ ಹೋದರೆ ತಮ್ಮ ಕೇಂದ್ರ ಖಾಲಿಯಾಗುತ್ತದೆ ಎಂಬ ಭಯ ಅವರದು. ಭಾಷೆಯ ದೃಷ್ಟಿಯಿಂದ ಇದರಲ್ಲಿ ಇನ್ನೊಂದು ಪರಿಣಾಮ ಅಡಗಿದೆ. ಅಂಗನವಾಡಿಯ ಹುದ್ದೆಗೆ ‘ಅದೇ ಊರಿನವಳು’ ಎಂಬ ಷರತ್ತಿದೆ, ಶಾಲೆಯ ಹುದ್ದೆಗೆ ಇಲ್ಲ. ನಾಲ್ಕೈದು ವರ್ಷದ ಮಕ್ಕಳು ಶಾಲೆಗೆ ಸರಿದರೆ ಸ್ಥಳೀಯತೆಯ ಷರತ್ತೂ ಸದ್ದಿಲ್ಲದೆ ಕಳಚಿಬೀಳುತ್ತದೆ. ಮಾತು ಬಲ್ಲ ಸಿಬ್ಬಂದಿಯನ್ನು ಕಟ್ಟಲು ನಮಗಿರುವ ಒಂದೇ ಒಂದು ಗಟ್ಟಿ ಹಿಡಿಕೆ ಅದು.

ಗಡಿಯಾಚೆ

ಎಚ್‌.ಡಿ. ಕೋಟೆಯ ಕಾಡು ದಾಟಿದರೆ ವಯನಾಡು. ಅಲ್ಲಿ 2017ರಲ್ಲಿ ಕೇರಳ ಸರ್ಕಾರ ‘ಗೋತ್ರಬಂಧು’ ಎಂಬ ಯೋಜನೆಯಡಿ 241 ಪ್ರಾಥಮಿಕ ಶಾಲೆಗಳಿಗೆ ಬುಡಕಟ್ಟು ಸಮುದಾಯದ ಯುವಜನರನ್ನು ಮಾರ್ಗದರ್ಶಿ ಶಿಕ್ಷಕರಾಗಿ ನೇಮಿಸಿತು. ಮಕ್ಕಳು ಶಾಲೆ ಬಿಡುವುದನ್ನು ತಡೆಯುವುದು, ಮನೆಮಾತಿನಿಂದ ಮಲಯಾಳಕ್ಕೆ ಸೇತುವೆ ಕಟ್ಟುವುದು ಅವರ ಕೆಲಸ. ಶಿಕ್ಷಕ ತರಬೇತಿ ಪಡೆದು ಕೆಲಸವಿಲ್ಲದೆ ಇದ್ದ ಬುಡಕಟ್ಟು ಯುವಜನರು ಅಲ್ಲಿದ್ದದ್ದರಿಂದ ಅದು ಸಾಧ್ಯವಾಯಿತು. ನಮ್ಮ ಹಾಡಿಗಳಲ್ಲಿ ಅಂಥವರ ಸಂಖ್ಯೆ ತೀರಾ ಕಡಿಮೆ. ಹಾಗಾಗಿ ಕೇರಳದ್ದನ್ನು ನಕಲು ಮಾಡಿದರೆ ಹುದ್ದೆ ಇರುತ್ತದೆ, ಜನ ಇರುವುದಿಲ್ಲ. ನಾವು ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಬೇಕು.

ಒಡಿಶಾ 2006–07ರಲ್ಲಿ ಹತ್ತು ಬುಡಕಟ್ಟು ನುಡಿಗಳಲ್ಲಿ ಪ್ರಾಥಮಿಕ ಕಲಿಕೆ ಆರಂಭಿಸಿ, ಆಮೇಲೆ ಅಂಗನವಾಡಿಗೂ ಆ ನುಡಿಗಳ ಸಾಮಗ್ರಿ ಮಾಡಿಕೊಂಡಿತು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳು 1982ರಲ್ಲಿ ತಮ್ಮ ನುಡಿಯ ಶಿಶುವಿಹಾರ ತೆರೆದಾಗ ಆ ಮಾತು ಉಳಿದಿದ್ದದ್ದು ಹೆಚ್ಚಾಗಿ ಅಜ್ಜ ಅಜ್ಜಿಯರ ಬಾಯಲ್ಲಿ, ಅವರನ್ನೇ ಕರೆದು ಕೂರಿಸಿದರು. ಈ ಮೂರೂ ಕಡೆ ಪುಸ್ತಕಕ್ಕಿಂತ ಮೊದಲು ಜನರನ್ನು ಹುಡುಕಿದ್ದಾರೆ ಅಥವಾ ಜನರನ್ನು ಹುಡುಕಿದ ಮೇಲೆಯೇ ಪುಸ್ತಕ ಕೆಲಸಕ್ಕೆ ಬಂದಿದೆ. ನಮ್ಮಲ್ಲಿ ಪುಸ್ತಕ ಮಾಡುವವರಿಗೆ ಕೊರತೆಯಿಲ್ಲ. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಎನ್‌ಸಿಇಆರ್‌ಟಿ ಜತೆ ಸೇರಿ ಅದು ಸಿದ್ಧಪಡಿಸಿದ 52 ಭಾಷೆಗಳ ಬಾಲಬೋಧೆಗಳು 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದವು.

ಕೋಣೆಯೊಳಗೆ ನಡೆಯುವ ಬಗೆ

ಮಾತು ಬಲ್ಲವಳನ್ನು ನೇಮಿಸಿದರೆ ಅರ್ಧ ಕೆಲಸ ಆಯಿತು. ಆಮೇಲೆ ಅವಳನ್ನು ಹೇಗೆ ಬಳಸಬೇಕು ಎಂಬಲ್ಲಿ ತಪ್ಪುಗಳು ಶುರುವಾಗುತ್ತವೆ.

ದಾಖಲಾತಿಯ ದಿನವೇ ಮೂರು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಬೇಕು. ಮಗು ಅಮ್ಮನ ಜತೆ ಯಾವ ಮಾತಾಡುತ್ತದೆ, ಅಜ್ಜಿಯ ಜತೆ ಯಾವುದು, ಆಟದಲ್ಲಿ ಯಾವುದು? ‘ಮಾತೃಭಾಷೆ ಯಾವುದು’ ಎಂದು ಒಂದೇ ಪ್ರಶ್ನೆ ಕೇಳಿದರೆ ಹಾಡಿಯ ಎಷ್ಟೋ ಜನ ಅಧಿಕಾರಿಗೆ ಬೇಕಾದ ಉತ್ತರವೆಂದು ಕನ್ನಡ ಎಂದೇ ಹೇಳಿಬಿಡುತ್ತಾರೆ.

ಮನೆಮಾತು ಬಾರದ ಕಾರ್ಯಕರ್ತೆ ಕಲಿಯಬೇಕಾದದ್ದು ಆ ಭಾಷೆಯ ವ್ಯಾಕರಣವಲ್ಲ, ಸುಮಾರು 40 ಮಾತು. ನೀರು, ಹಸಿವು, ಸಾಕು, ನೋವು, ಭಯ, ಒಂದಕ್ಕೆ, ಎರಡಕ್ಕೆ, ಅಮ್ಮ ಬರುತ್ತಾಳೆ, ಬಾ, ಕೂತುಕೋ, ನಿನ್ನ ಸರದಿ. ಇದನ್ನು ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಸಾಕು. ಪಟ್ಟಿಯನ್ನು ಮಾತ್ರ ಅದೇ ಹಾಡಿಯ ತಾಯಂದಿರಿಂದ ಮಾಡಿಸಬೇಕು. ಜಿಲ್ಲಾ ಕಚೇರಿಯಲ್ಲಿ ಒಂದೇ ಪಟ್ಟಿ ಅಚ್ಚು ಹಾಕಿಸಿ ಎಲ್ಲ ಕಡೆ ಹಂಚಿದರೆ ಯರವ ಮಗುವಿನ ಕೇಂದ್ರಕ್ಕೆ ಜೇನು ಕುರುಬರ ಮಾತು ಹೋಗಿ ಸೇರುತ್ತದೆ. ಗಿರಿಜನ ಎಂಬ ಒಂದು ತಲೆಬರಹದಡಿ ಎಲ್ಲರನ್ನೂ ಸೇರಿಸುವ ಅಭ್ಯಾಸ ನೇಮಕಾತಿಯಲ್ಲೂ ಇದೇ ತೊಂದರೆ ತರುತ್ತದೆ.

ಕತೆ ಹೇಳುವಾಗ ಎಲ್ಲರೂ ಮಾಡುವ ತಪ್ಪು, ಒಂದು ವಾಕ್ಯ ಕನ್ನಡದಲ್ಲಿ ಹೇಳಿ ಕೂಡಲೇ ಅದನ್ನು ಮನೆಮಾತಿನಲ್ಲಿ ಹೇಳಿಸುವುದು. ನಾಲ್ಕೇ ದಿನದಲ್ಲಿ ಮಕ್ಕಳು ಕನ್ನಡ ಬಂದಾಗ ಗಮನ ಬಿಟ್ಟು ತಮ್ಮ ಮಾತಿಗಾಗಿ ಕಾಯುವುದನ್ನು ಕಲಿಯುತ್ತಾರೆ. ಅದರ ಬದಲು ಸೋಮವಾರ, ಮಂಗಳವಾರ ಸಹಾಯಕಿ ಇಡೀ ಕತೆಯನ್ನು ಮನೆಮಾತಿನಲ್ಲಿ ಚಿತ್ರ ತೋರಿಸುತ್ತಾ ಹೇಳಲಿ. ಬುಧವಾರ ಅದೇ ಚಿತ್ರಗಳನ್ನು ಹಿಡಿದು ಕಾರ್ಯಕರ್ತೆ ಕನ್ನಡದಲ್ಲಿ ಹೇಳಲಿ. ಕತೆ ಗೊತ್ತಿರುವುದರಿಂದ ಕನ್ನಡದ ಪದಗಳು ತಾವಾಗಿ ಅಂಟಿಕೊಳ್ಳುತ್ತವೆ. ಮೂರು ವರ್ಷದವರಿಗೆ ದಿನದ ಹೆಚ್ಚಿನ ಹೊತ್ತು ಮನೆಮಾತು, ಐದು ದಾಟಿದವರಿಗೆ ಹೆಚ್ಚಿನ ಹೊತ್ತು ಕನ್ನಡ, ನಡುವಿನವರಿಗೆ ಸರಿಸುಮಾರು ಅರ್ಧರ್ಧ. ಹೀಗೆ ಹದವಾಗಿ ಸರಿದರೆ ಒಂದನೇ ತರಗತಿಯ ಹೊಸ್ತಿಲಲ್ಲಿ ಮಗು ಮುಗ್ಗರಿಸುವುದಿಲ್ಲ.

ಇದಕ್ಕೆಲ್ಲ ಸಹಾಯಕಿಗೆ ಬಿಡುವು ಬೇಕು. ಬೆಳಗ್ಗೆ ಕತೆಯ ಹೊತ್ತಿಗೆ ಅವಳು ಅಕ್ಕಿ ತೊಳೆಯುತ್ತಿರುತ್ತಾಳೆ. ದಿನಕ್ಕೆ 30 ನಿಮಿಷ ಒಲೆಯಿಂದ ಬಿಡಿಸಿ ಚಾಪೆಯ ಮೇಲೆ ಕೂರಿಸುವಂತೆ ವೇಳಾಪಟ್ಟಿ ಬದಲಿಸಿದರೆ ಖರ್ಚಿಲ್ಲದ ಮೊದಲ ಹೆಜ್ಜೆ ಇಟ್ಟಂತೆ. ‘ಪೋಷಣ್ ಭಿ ಪಢಾಯಿ ಭಿ’ ಎಂಬ ಹೆಸರಿನಲ್ಲಿ 2023ರಿಂದ ಕಾರ್ಯಕರ್ತೆಯರಿಗೆ ಮೂರು ದಿನದ ತರಬೇತಿ ನಡೆಯುತ್ತಿದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಜೋಡಿಯಾಗಿ ಕಲಿಸುವ ದಿನ ಅದರಲ್ಲಿ ಒಂದಾದರೂ ಇರಬೇಕು.

ಮೇಲ್ವಿಚಾರಕಿಯ ವಿಷಯ ಯಾರೂ ಎತ್ತುವುದಿಲ್ಲ. ಕೇಂದ್ರಕ್ಕೆ ಬಂದಾಗ ಅವಳು ಮಕ್ಕಳನ್ನು ಕೇಳುವುದು ಕನ್ನಡದ ಪದ್ಯ, ಕನ್ನಡದ ಎಣಿಕೆ. ಅಳೆಯುವುದು ಅದನ್ನೇ ಎಂದಾದರೆ ಯಾವ ಟೀಚರೂ ಮನೆಮಾತಿಗೆ ಹೊತ್ತು ಕೊಡುವುದಿಲ್ಲ. ಭೇಟಿಯ ನಮೂನೆಯಲ್ಲಿ ‘ಮಗು ತನ್ನ ಮಾತಿನಲ್ಲಿ ಒಂದು ಕತೆ ಹೇಳಿತೇ’ ಎಂಬ ಒಂದು ಸಾಲು ಸೇರಿದರೂ ಕೋಣೆಯ ಗಾಳಿ ಬದಲಾಗುತ್ತದೆ.

ಮುಂದೆ ಏನು

ಬರುವ ದಿನಗಳಲ್ಲಿ ಈ ಚರ್ಚೆ ಮತ್ತೆ ಬಿಸಿಯೇರುವುದು ಖಚಿತ, ಅದಕ್ಕೆ ಎರಡು ಕಾರಣ. ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ತಾಯ್ನುಡಿಯ ಕಾಲಂನಲ್ಲಿ ಹಾಡಿಯ ಜನ ತಮ್ಮ ನುಡಿಯ ಹೆಸರು ಬರೆಸುತ್ತಾರೋ ಕನ್ನಡ ಎನ್ನುತ್ತಾರೋ ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ಶೇಕಡಾ ಲೆಕ್ಕ ನಿಲ್ಲುತ್ತದೆ. ಇನ್ನೊಂದು, 2023ರ ನವೆಂಬರ್ 15ರಂದು ಶುರುವಾದ ಪಿಎಂ–ಜನಮನ್ ಯೋಜನೆ. ವಿಶೇಷ ದುರ್ಬಲ ಬುಡಕಟ್ಟುಗಳ ನೆಲೆಗಳಿಗೆ ದೇಶದಾದ್ಯಂತ 2,500 ಅಂಗನವಾಡಿ ಕಟ್ಟುವ ಗುರಿ ಅದರದು, ಜೇನು ಕುರುಬರ ಹಾಡಿಗಳೂ ಅದರ ವ್ಯಾಪ್ತಿಯಲ್ಲಿವೆ. ಕಟ್ಟಡ ಕಟ್ಟುವುದು ಗುತ್ತಿಗೆದಾರನ ಕೆಲಸ. ಒಳಗೆ ಯಾರು ಕೂರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಅಧಿಸೂಚನೆಯ ಒಂದು ಸಾಲು.

ಆ ಸಾಲನ್ನು ಓದುವ ಬಗೆ ಹೀಗೆ. ಹುದ್ದೆಯ ಎದುರು ವ್ಯಾಪ್ತಿ ಎಂಬಲ್ಲಿ ಹಾಡಿಯ ಹೆಸರಿದೆಯೋ ಕಂದಾಯ ಗ್ರಾಮದ ಹೆಸರಿದೆಯೋ ಮೊದಲು ನೋಡಬೇಕು. ಗ್ರಾಮದ ಹೆಸರಿದ್ದರೆ ಅರ್ಜಿಯ ಗಡುವಿನೊಳಗೇ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಲಿಖಿತ ಮನವಿ ಕೊಟ್ಟು ಮುದ್ರೆ ಹಾಕಿದ ಪ್ರತಿ ಪಡೆಯಬೇಕು, ಜತೆಗೆ ಕೇಂದ್ರದಲ್ಲಿರುವ ಮಕ್ಕಳು ಮನೆಯಲ್ಲಿ ಯಾವ ಮಾತಾಡುತ್ತಾರೆ ಎಂಬ ಪಟ್ಟಿಯನ್ನೂ ಲಗತ್ತಿಸಬೇಕು. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದ ಮೇಲೆ ಆಕ್ಷೇಪಣೆಗೆ ಕೆಲವೇ ದಿನ ಇರುತ್ತದೆ, ಆಗ ವ್ಯಾಪ್ತಿಯ ಮಾತೆತ್ತಿದರೆ ಹೊತ್ತು ಮೀರಿರುತ್ತದೆ. ವಾಸಸ್ಥಳದ ಪ್ರಮಾಣಪತ್ರಕ್ಕಂತೂ ಅಧಿಸೂಚನೆಗೆ ಕಾಯದೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿಡುವುದು ಒಳ್ಳೆಯದು.